ವರ್ಡಿನ್ ಹಕ್ಕಿಯೂ ನಿಮ್ಮ ಶೇಕಡಾ ಲೆಕ್ಕವೂ

ಪ್ರಿಯ ಲೇಖಕರೇ,

ಅಮೆರಿಕದ ಮರುಭೂಮಿಗಳಲ್ಲಿ ವರ್ಡಿನ್ ಹಕ್ಕಿ ಕಡಿಮೆಯಾಗುತ್ತಿರುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಆರೇಳು ಗ್ರಾಂ ತೂಗುವ ಹಕ್ಕಿ ಮುಳ್ಳುಕಡ್ಡಿಯ ಉಂಡೆಗೂಡು ಕಟ್ಟುವುದು, ರಾತ್ರಿ ಮಲಗಲೆಂದೇ ಬೇರೆ ಗೂಡು ಮಾಡಿಕೊಳ್ಳುವುದು, ಇಷ್ಟು ಭಾಗ ಚೆನ್ನಾಗಿದೆ. ಅಲ್ಲಿನ ಮೆಸ್ಕೀಟ್ ಗಿಡ ನಮ್ಮ ಬಳ್ಳಾರಿ ಜಾಲಿಯ ನಂಟ ಎಂದು ಒಂದು ಮಾತು ಸೇರಿಸಿ, ರಾಯಚೂರಿನ ಓದುಗರಿಗೆ ಗಿಡ ಕಣ್ಣಿಗೆ ಕಟ್ಟುತ್ತದೆ.

ಇನ್ನು ಜಗಳ. "ವರ್ಷಕ್ಕೆ ಶೇ. 2ರಂತೆ 50 ವರ್ಷ ಇಳಿದು ಶೇ. 100 ನಾಶವಾಗಿದೆ" ಎಂದಿದ್ದೀರಿ. ಇಳಿಕೆ ಪ್ರತಿ ವರ್ಷ ಉಳಿದದ್ದರ ಮೇಲೆ ಬೀಳುತ್ತದೆ ಸ್ವಾಮಿ. 1000 ಹಕ್ಕಿ ಮೊದಲ ವರ್ಷ 980, ಮರುವರ್ಷ 960. ಹೀಗೇ ಗುಣಿಸುತ್ತ ಹೋದರೆ 50 ವರ್ಷಕ್ಕೆ ಸುಮಾರು 364 ಉಳಿಯುತ್ತವೆ, ನಷ್ಟ ಶೇ. 64. ಇದೇನು ಕಡಿಮೆಯೇ? ಫೀನಿಕ್ಸ್, ಟೂಸಾನ್ ನಗರಗಳ ಹಿತ್ತಲಲ್ಲಿ ಇಂದೂ ಕೂಗುವ ಹಕ್ಕಿಗೆ ನೀವು ತಿಥಿ ಮಾಡಿ ಮುಗಿಸಿದ್ದೀರಿ.

"1966ರಿಂದ ಮರುಭೂಮಿಯ ವರ್ಡಿನ್‌ಗಳನ್ನೆಲ್ಲ ಎಣಿಸುತ್ತಿದ್ದಾರೆ" ಎಂದೂ ಬರೆದಿದ್ದೀರಿ. ಯಾರೂ ಹಾಗೆ ಎಣಿಸಿಲ್ಲ. ನಾನು ಉಪಸಂಪಾದಕನ ಕೆಲಸ ಕಲಿಯುವಾಗ ಹಿರಿಯರೊಬ್ಬರು ಪ್ರತಿ ಅಂಕಿಯ ಪಕ್ಕ "ಯಾರು? ಹೇಗೆ?" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ನಿಮ್ಮ ಹಾಳೆಯಲ್ಲೂ ಅದನ್ನೇ ಬರೆದಿದ್ದೇನೆ. ಉತ್ತರ ಅಮೆರಿಕದ ಪಕ್ಷಿ ಸಮೀಕ್ಷೆ 1966ರಲ್ಲಿ ಶುರುವಾದದ್ದು ಪೂರ್ವ ಭಾಗದಲ್ಲಿ. ಪಶ್ಚಿಮ ಸೇರಿದ್ದು 1968ರ ಹೊತ್ತಿಗೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೊರಟು ಸುಮಾರು 39 ಕಿ.ಮೀ. ರಸ್ತೆಯಲ್ಲಿ 800 ಮೀಟರಿಗೊಂದರಂತೆ 50 ಕಡೆ ನಿಲ್ಲುತ್ತಾರೆ. ಒಂದೊಂದು ಕಡೆ ಮೂರು ನಿಮಿಷ, 400 ಮೀಟರ್ ಒಳಗೆ ಕಂಡ ಕೇಳಿದ ಹಕ್ಕಿಗಳನ್ನು ಬರೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ. ಇದರಿಂದ ಸಿಗುವುದು ಏರಿಳಿತದ ಸೂಚ್ಯಂಕ ಮಾತ್ರ, ಹಕ್ಕಿಗಳ ಒಟ್ಟು ಸಂಖ್ಯೆಯಲ್ಲ. ಎಣಿಸುವವರು ಬದಲಾದರೂ, ಅವರ ಕಿವಿ ಮಂದವಾದರೂ ಅಂಕಿ ಅಲುಗುತ್ತದೆ. ರಸ್ತೆಯಿಲ್ಲದ ಕಣಿವೆಗಳು ಲೆಕ್ಕಕ್ಕೇ ಬರುವುದಿಲ್ಲ.

ಇದೆಲ್ಲ ಸಾಲದೆಂಬಂತೆ ಇನ್ನೊಂದು ಪುಟದಲ್ಲಿ "ವರ್ಡಿನ್ ಶೇ. 43 ಕಡಿಮೆಯಾಗಿದೆ". ಪೂರ್ತಿ ನಾಶವಾದ ಹಕ್ಕಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿದೆ! ಆ 43 ವರ್ಡಿನ್‌ದಲ್ಲವೇ ಅಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಮೊಹಾವೆ ಮರುಭೂಮಿಯ 61 ತಾಣಗಳಿಗೆ ಮತ್ತೆ ಹೋಗಿ, ಪ್ರಾಣಿವಿಜ್ಞಾನಿ ಜೋಸೆಫ್ ಗ್ರಿನೆಲ್ ಮತ್ತು ಸಂಗಡಿಗರು 20ನೇ ಶತಮಾನದ ಆರಂಭದಲ್ಲಿ ಬರೆದಿಟ್ಟ ಟಿಪ್ಪಣಿಗಳೊಂದಿಗೆ ಹೋಲಿಸಿ, 2018ರಲ್ಲಿ ಪ್ರಕಟಿಸಿದ ಅಂಕಿ ಅದು. ಒಂದೊಂದು ತಾಣದಲ್ಲಿ ಸರಾಸರಿ ಶೇ. 43 ಜಾತಿಗಳು ಕಾಣೆಯಾಗಿದ್ದವು. ಅಲ್ಲಿ ಎಣಿಕೆಯಾದದ್ದು ಜಾತಿ, ತಲೆಯಲ್ಲ. ಕಾರಣವಾಗಿ ಅವರು ಎತ್ತಿ ಹೇಳಿದ್ದು ಮಳೆಯ ಕೊರತೆ. "ಬಿಸಿಲು ಕೊಂದಿತು" ಎಂಬ ನಿಮ್ಮ ತಲೆಬರಹವನ್ನೂ ಬದಲಿಸಿ.

ಲೇಖನದಲ್ಲಿ ನೀವು ಸೇರಿಸಿದ್ದ, ಮಾನವಕುಲಕ್ಕೆ ಹಕ್ಕಿ ಬರೆದ ಪತ್ರವನ್ನು ನಾನೇ ಹೊಡೆದುಹಾಕಿದ್ದೇನೆ. ಉಳಿದದ್ದನ್ನು ತಿದ್ದಿ, ಪ್ರತಿ ಅಂಕಿಯ ಪಕ್ಕ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ನಮೂದಿಸಿ ಕಳಿಸಿ. ಹಾಕೋಣ.