ಬಾಖರಾಖ್‌ಗೆ ರೂಮ್ ಮಾಡೋ ಮೊದಲು ರೈನ್‌ನ ಯಾವ ದಡ ಅಂತ ನೋಡಿ

ಮೇಡಂ, ಅಪ್ಪ-ಅಮ್ಮನಿಗೆ ಜರ್ಮನಿಯ ರೈನ್ ನದಿ ದಡದ ಬಾಖರಾಖ್ ಊರು ತೋರಿಸೋಕೆ ಕೌಬ್ ಊರಲ್ಲಿ ರೂಮ್ ಮಾಡಿದೀನಿ, ಪಕ್ಕದಲ್ಲೇ ಇದೆ ಅಂದಿದೀರಲ್ಲ, ಆ ಬುಕಿಂಗ್ ಇವತ್ತೇ ಕ್ಯಾನ್ಸಲ್ ಮಾಡಿ. ಎಷ್ಟು ಸಲ ಹೇಳಿದ್ರೂ ಇದೇ ತಪ್ಪು ಮತ್ತೆ ಮತ್ತೆ ಆಗ್ತಿದೆ. ಬುಕಿಂಗ್ ಆ್ಯಪ್ ತೋರಿಸೋದು ನೇರ ಗೆರೆ ಎಳೆದ ದೂರ. ಕೌಬ್ ಇರೋದು ಬಲದಂಡೇಲಿ, ಬಾಖರಾಖ್ ಎಡದಂಡೇಲಿ. ಕೋಬ್ಲೆಂಜ್ ಬಿಟ್ರೆ ಮೈನ್ಸ್ ಹತ್ರ ಬರೋವರೆಗೂ ಸೇತುವೆನೇ ಇಲ್ಲ. ಕೌಬ್‌ನಿಂದ ಫೆರಿ ಇದೆ, ಆದ್ರೆ ರಾತ್ರಿ ಓಡಲ್ಲ, ಪ್ರವಾಹ ಬಂದ್ರೆ ಹಗಲಲ್ಲೂ ನಿಲ್ಲಿಸ್ತಾರೆ. ಆಚೆ ಇಳಿದ ಮೇಲೂ ಊರಿಗೆ ಸುಮಾರು 3 ಕಿ.ಮೀ. ಹೆದ್ದಾರಿ ಪಕ್ಕದ ದಾರಿ. ವಯಸ್ಸಾದವರಿಗೆ ಬೇಡ.

ರೈಲೂ ಅಷ್ಟೇ. ಆರ್‌ಬಿ 10 ಅನ್ನೋ ಲೋಕಲ್ ರೈಲು ಬಲದಂಡೆಯದು. ಮೈನ್ಸ್‌ನಲ್ಲಿ ಆರ್‌ಬಿ 26 ಹಿಡೀರಿ, ಮುಕ್ಕಾಲು ಗಂಟೆ ದಾರಿ, ಡಾಯ್ಚ್‌ಲ್ಯಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್ ನಡೆಯುತ್ತೆ. ಐಸಿಇ ಅನ್ನೋ ವೇಗದ ರೈಲು ಬಾಖರಾಖ್‌ನಲ್ಲಿ ನಿಲ್ಲಲ್ಲ.

ರೂಮ್ ಕೋಟೆಗೋಡೆ ಒಳಗೇ ಮಾಡಿ, ಆದ್ರೆ 'ರೈನ್ ವ್ಯೂ' ಅಂತ ಜಾಸ್ತಿ ದುಡ್ಡು ಕೊಡ್ಬೇಡಿ. ನದಿಗೂ ಊರಿಗೂ ಮಧ್ಯೆ ಹಳಿ ಇದೆ, ಗೂಡ್ಸ್ ರೈಲು ರಾತ್ರಿಯಿಡೀ ಓಡುತ್ತೆ. ಎದುರು ದಂಡೇಲೂ ಇನ್ನೊಂದು ಲೈನ್. ಊರಿನ ಮುಖ್ಯ ಬೀದಿ ಓಬರ್‌ಸ್ಟ್ರಾಸೆ ದಾಟಿ ಒಳಗಡೆ, ಕಣಿವೆ ಕಡೆ ಕಿಟಕಿ ಇರೋದನ್ನೇ ಕೇಳಿ.

ದ್ರಾಕ್ಷಿತೋಟದ ಮೇಲಿರೋ ಪೋಸ್ಟನ್‌ಟುರ್ಮ್ ಗೋಪುರ ಹತ್ತಿ. ಅಲ್ಲಿಂದ ಪಾಳುಬಿದ್ದ ವೆರ್ನರ್ ಚಾಪೆಲ್‌ನ ಕೆಂಪು ಕಲ್ಲಿನ ಕಮಾನು, ಎದುರು ಗುಡ್ಡದ ಸ್ಟಾಲೆಕ್ ಕೋಟೆ ಎರಡೂ ಕಾಣುತ್ತೆ. ಮಳೆ ಬಂದಿದ್ರೆ ದ್ರಾಕ್ಷಿತೋಟದ ಸ್ಲೇಟ್ ಕಲ್ಲಿನ ಮೆಟ್ಟಿಲು ವಿಪರೀತ ಜಾರುತ್ತೆ. ಮಂಡಿನೋವಿನವರು ನದಿ ಕಡೆಯ ಗೋಡೆ ಮೇಲೆ ನಡೆದು, 1368ರ ಆಲ್ಟೆಸ್ ಹೌಸ್ ಅನ್ನೋ ಮರದ ಚೌಕಟ್ಟಿನ ಮನೆ ನೋಡಿಕೊಂಡು ಬಂದ್ರೂ ನಷ್ಟ ಏನಿಲ್ಲ.

ಊಟಕ್ಕೆ ಸೋಮವಾರ, ಮಂಗಳವಾರ ಬಹಳ ಕಡೆ ರಜೆ. ಸ್ಟ್ರೌಸ್‌ವಿರ್ಟ್‌ಶಾಫ್ಟ್, ಅಂದ್ರೆ ವೈನ್ ಮಾಡೋರೇ ನಡೆಸೋ ಚಿಕ್ಕ ಹೋಟೆಲು, ವರ್ಷಕ್ಕೆ ನಾಲ್ಕೇ ತಿಂಗಳು ತೆಗೆಯಬಹುದು, ಗರಿಷ್ಠ 40 ಸೀಟು. ಅದಕ್ಕೇ ಫೋನ್ ಮಾಡಿ ಹೋಗಿ, ಕೈಯಲ್ಲಿ ಕ್ಯಾಶ್ ಇರಲಿ. ಪಿಜ್ಜಾ ಥರದ ತೆಳು ರೊಟ್ಟಿ ಫ್ಲಾಮ್‌ಕೂಖನ್ ಸಸ್ಯಾಹಾರ ಅಂದ್ಕೋಬೇಡಿ, ಮಾಮೂಲಿಯಾಗಿ ಹಂದಿಮಾಂಸದ ಚೂರು ಹಾಕಿರ್ತಾರೆ. 'ಓನೆ ಶ್ಪೆಕ್' (ಹಂದಿಮಾಂಸ ಬೇಡ) ಅಂತ ಬಾಯಿಬಿಟ್ಟು ಹೇಳಿ. ರೀಸ್ಲಿಂಗ್ ವೈನ್ 'ಟ್ರೋಕನ್' (ಸಿಹಿ ಇಲ್ಲದ್ದು) ತಗೊಂಡ್ರೆ ಹುಳಿ ಮುಂದಿರುತ್ತೆ, ಹೊಸಬರಿಗೆ 'ಫೈನ್‌ಹೆರ್ಬ್' (ಸ್ವಲ್ಪ ಸಿಹಿ ಇರೋದು) ವಾಸಿ. ಅಪ್ಪ-ಅಮ್ಮನಿಗೆ 'ಟ್ರೌಬೆನ್‌ಸಾಫ್ಟ್' ಕೇಳಿ, ಬರೀ ದ್ರಾಕ್ಷಿರಸ.