ಸಂಪಾದಕರ ಉತ್ತರ: ದಾಕು ಹಾಕಿದವರು, ಹಾಕಿಸಿಕೊಂಡವರು

ಮಾನ್ಯರೇ,

ಸಿಡುಬಿನ ಲಸಿಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ವಿಜ್ಞಾನದ ಇತಿಹಾಸವೆಂದರೆ ಯಾರು, ಯಾವಾಗ, ಏನನ್ನು ಕಂಡುಹಿಡಿದರು ಎಂಬ ವಿವರ. ಅದರೊಳಗೆ ಜಾತಿ, ಬಡತನ, ಪರಕೀಯರ ಆಡಳಿತ ಇವನ್ನೆಲ್ಲ ತುರುಕಿದರೆ ಎಳೆಯ ಓದುಗರು ವಿಜ್ಞಾನದ ಸತ್ಯವನ್ನೇ ಅನುಮಾನಿಸತೊಡಗುತ್ತಾರೆ ಎಂಬುದು ತಮ್ಮ ಆಕ್ಷೇಪದ ತಿರುಳು. ಇಂಗ್ಲೆಂಡಿನ ವೈದ್ಯ ಜೆನ್ನರ್ ಲಸಿಕೆ ಕೊಟ್ಟ, ನಮ್ಮ ಜನ ಮೂಢನಂಬಿಕೆಯಿಂದ ಬೇಡವೆಂದರು, ಕೊನೆಗೆ ವಿಜ್ಞಾನ ಗೆದ್ದಿತು; ಇಷ್ಟು ಬರೆದಿದ್ದರೆ ಸಾಲದೇ ಎಂದೂ ಕೇಳಿದ್ದೀರಿ. ತಾವು ಬಹುಕಾಲ ವಿಜ್ಞಾನ ಕಲಿಸಿದವರು, ಆದ್ದರಿಂದ ನಾಲ್ಕು ಸಾಲಿನಲ್ಲಿ ಮುಗಿಸದೆ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ತಮ್ಮ ಆತಂಕದಲ್ಲಿ ಒಂದು ಮಾತು ಸರಿಯಿದೆ. ಹಸುವಿನ ಸಿಡುಬಿನ ಕೀವು ಮನುಷ್ಯರನ್ನು ಸಿಡುಬಿನಿಂದ ಕಾಪಾಡುತ್ತದೆ ಎಂಬುದು ವಿಯೆನ್ನಾದಲ್ಲಿ ಎಷ್ಟು ನಿಜವೋ ಮೈಸೂರಿನಲ್ಲಿಯೂ ಅಷ್ಟೇ ನಿಜ. ಅದು ಯಾರ ಜಾತಿಯನ್ನೂ ಕೇಳಲಿಲ್ಲ. ನಮ್ಮ ಲೇಖನ ಇದನ್ನು ಅಲ್ಲಗಳೆದಿಲ್ಲ. ಅದು ಕೇಳಿದ್ದು ಬೇರೆಯದನ್ನು: ಆ ಕೀವು ವಿಯೆನ್ನಾದಿಂದ ಮೈಸೂರಿಗೆ ಬಂದದ್ದು ಹೇಗೆ, ಯಾರ ಮೈಮೇಲೆ ಬಂದಿತು?

1796ರ ಮೇ 14ರಂದು ಜೆನ್ನರ್ ತನ್ನ ತೋಟದ ಮಾಲಿಯ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸ್‌ನ ತೋಳಿಗೆ ಕೀವನ್ನು ಹಚ್ಚಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮುಂದಿನದು ಅಷ್ಟು ಪ್ರಚಾರ ಪಡೆದಿಲ್ಲ. ಆಗ ಲಸಿಕೆಯನ್ನು ಸೀಸೆಯಲ್ಲಿ ತುಂಬಿಡುವ ಉಪಾಯವಿರಲಿಲ್ಲ. ಒಣಗಿಸಿ ಕಳಿಸಿದರೆ ದಾರಿಯ ಸೆಕೆಗೆ ಬಹುಪಾಲು ಕೆಡುತ್ತಿತ್ತು. ಹಾಗಾಗಿ ಮನುಷ್ಯರ ತೋಳೇ ಅದರ ಪಾತ್ರೆಯಾಯಿತು. ಒಂದು ಮಗುವಿಗೆ ದಾಕು (ಲಸಿಕೆ) ಹಾಕಿ, ಎಂಟನೆಯ ದಿನದ ಹೊತ್ತಿಗೆ ಎದ್ದ ಗುಳ್ಳೆಯನ್ನು ಚುಚ್ಚಿ, ಅದರ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳನ್ನು ಗೀರಿ ಅದಕ್ಕೆ ಹಚ್ಚಬೇಕು. ಈ ಸರಪಳಿ ಎಲ್ಲಿ ಕಡಿದರೂ ಅಲ್ಲಿಗೆ ಲಸಿಕೆ ಮುಗಿಯಿತು. ವಿಯೆನ್ನಾದಿಂದ ಬಾಗ್ದಾದ್, ಬಸ್ರಾ ದಾಟಿ ಬಂದ ಕೀವು ಭಾರತದಲ್ಲಿ ಮೊದಲು ಹತ್ತಿದ್ದು 1802ರ ಜೂನ್ 14ರಂದು, ಮುಂಬಯಿಯ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿಗೆ. ಅಲ್ಲಿಂದ ಪುಣೆ, ಹೈದರಾಬಾದು, ಮದರಾಸುಗಳಿಗೆ ಅದು ಹರಡಿದ್ದೂ ಮಕ್ಕಳ ತೋಳುಗಳ ಮೂಲಕವೇ. ಸ್ಪೇನ್ ದೇಶ 1803ರಲ್ಲಿ ಅಮೆರಿಕದ ತನ್ನ ವಸಾಹತುಗಳಿಗೆ ಲಸಿಕೆ ಸಾಗಿಸಲು ಅನಾಥ ಬಾಲಕರನ್ನು ಹಡಗಿಗೆ ಹತ್ತಿಸಿತು. ನಮ್ಮಲ್ಲಿ ಈ ಪಾಲು ಹೆಚ್ಚಾಗಿ ಬಡವರ, ಕೆಳಜಾತಿಗಳ ಮಕ್ಕಳಿಗೆ ಬಂದಿತು.

ಈಗ 'ಮೂಢನಂಬಿಕೆ'ಯ ವಿಚಾರಕ್ಕೆ ಬರೋಣ. ತನ್ನ ಮಗುವಿಗೆ ಯಾರದೋ ಮಗುವಿನ ಹುಣ್ಣಿನ ರಸವನ್ನು ಹಚ್ಚುತ್ತಾರೆ, ವಾರ ಕಳೆದ ಮೇಲೆ ಮತ್ತೆ ಬಂದು ಅದರ ತೋಳಿನ ಗುಳ್ಳೆ ಒಡೆದು ರಸ ತೆಗೆದುಕೊಂಡು ಹೋಗುತ್ತಾರೆ ಎಂದಾಗ ತಾಯಿಯೊಬ್ಬಳು ಬಾಗಿಲು ಹಾಕಿಕೊಂಡಳು ಅನ್ನಿ. ಅದರಲ್ಲಿ ಮಡಿ-ಮೈಲಿಗೆಯೂ ಇತ್ತು, ಸಿಡುಬಿನ ದೇವತೆಯಾದ ಅಮ್ಮ ಮುನಿಯುತ್ತಾಳೆಂಬ ಭಯವೂ ಇತ್ತು. ಇರಲಿಲ್ಲವೆಂದು ಯಾರೂ ಹೇಳುತ್ತಿಲ್ಲ. ಆದರೆ ಒಬ್ಬರ ಮೈಯ ರಸದೊಂದಿಗೆ ಅವರ ಮೈಯ ಬೇರೆ ರೋಗವೂ ದಾಟಿಬಂದೀತು ಎಂಬ ಅಳುಕು ಸುಳ್ಳಾಗಿತ್ತೇ? 1861ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ ಹೀಗೆ ತೋಳಿಂದ ತೋಳಿಗೆ ದಾಕು ಹಾಕಿದಾಗ ನಲವತ್ತಕ್ಕೂ ಹೆಚ್ಚು ಮಕ್ಕಳಿಗೆ ಸಿಫಿಲಿಸ್ ತಗಲಿತು. ವಿಜ್ಞಾನಕ್ಕೆ ನಮ್ಮವರು ಮಾತ್ರ ಅಡ್ಡಬಂದರು ಎಂಬ ಮಾತೂ ನಿಲ್ಲುವುದಿಲ್ಲ. ಜೆನ್ನರ್‌ನ ಇಂಗ್ಲೆಂಡಿನಲ್ಲಿಯೇ 1853ರಲ್ಲಿ ಲಸಿಕೆ ಕಡ್ಡಾಯವಾದ ಮೇಲೆ ಪ್ರತಿಭಟನೆ ಬೆಳೆಯುತ್ತ ಹೋಗಿ, 1885ರಲ್ಲಿ ಲೆಸ್ಟರ್ ನಗರದಲ್ಲಿ ಸಹಸ್ರಾರು ಜನ ಬೀದಿಗಿಳಿದರು. ಅಂತಃಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಡುವ ಕಾನೂನನ್ನು 1898ರಲ್ಲಿ ಸರ್ಕಾರವೇ ತರಬೇಕಾಯಿತು.

ಮುಖ್ಯವಾದದ್ದು ಇದರ ಪರಿಣಾಮ. ಜನರ ಈ ನಿರಾಕರಣೆ ಲಸಿಕೆಯನ್ನೇ ಬದಲಿಸಿತು. ಮನುಷ್ಯರ ತೋಳನ್ನು ಬಿಟ್ಟು ಕರುವಿನ ಚರ್ಮದ ಮೇಲೆ ಲಸಿಕೆಯನ್ನು ಬೆಳೆಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹರಡಿದ್ದಕ್ಕೆ ಸೋಂಕಿನ ಪ್ರಕರಣಗಳು ಎಷ್ಟು ಕಾರಣವೋ ತಾಯ್ತಂದೆಯರ ಹಟವೂ ಅಷ್ಟೇ ಕಾರಣ. ನಮ್ಮ ದೇಶದಲ್ಲಿ ಹಸುಗರುವನ್ನು ಹೀಗೆ ಬಳಸುವುದಕ್ಕೂ ಆಕ್ಷೇಪ ಎದ್ದಿತು, ಹಲವೆಡೆ ಎಮ್ಮೆಯ ಕರುಗಳು ಬಂದವು. ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋದಲ್ಲಿ ಇಂದು ವಾಯುವಿಹಾರಕ್ಕೆ ಹೋಗುವವರಿಗೆ ಆ ಹೆಸರು ಹೇಗೆ ಬಂತೆಂದು ಗೊತ್ತಿದೆಯೋ ಇಲ್ಲವೋ, ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವದು.

ಲಸಿಕೆ ತಯಾರಿಸಿದವರ ವಿಷಯದಲ್ಲಿ ಒಂದು ಹೆಸರನ್ನು ಕಳೆದ ಲೇಖನ ಬಿಟ್ಟಿತ್ತು, ಇಲ್ಲಿ ಸೇರಿಸುತ್ತೇನೆ. ತಿರುವಾಂಕೂರಿನ ಪದ್ಮನಾಭನ್ ಪಲ್ಪು (1863–1950) ಮದರಾಸಿನಲ್ಲಿ ವೈದ್ಯ ಪದವಿ ಪಡೆದರೂ, ಕೆಳಜಾತಿಯೆಂದು ಎಣಿಸಲಾಗುತ್ತಿದ್ದ ಈಳವ ಸಮುದಾಯದವರೆಂಬ ಒಂದೇ ಕಾರಣಕ್ಕೆ ಸ್ವಂತ ಸಂಸ್ಥಾನದಲ್ಲಿ ಅವರಿಗೆ ನೌಕರಿ ಸಿಗಲಿಲ್ಲ. ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. ಅವರು ಇಲ್ಲಿ ಲಸಿಕೆ ತಯಾರಿಕೆಯಲ್ಲಿ ದುಡಿದರು, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಊರು ಬಿಟ್ಟು ಓಡದೆ ರೋಗಿಗಳ ನಡುವೆ ನಿಂತರು. ಈಳವರಿಗೆ ಸರ್ಕಾರಿ ಶಾಲೆ, ಸರ್ಕಾರಿ ನೌಕರಿಗಳನ್ನು ತೆರೆಯಬೇಕೆಂದು ಹದಿಮೂರು ಸಾವಿರಕ್ಕೂ ಹೆಚ್ಚು ಸಹಿಗಳೊಂದಿಗೆ 1896ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದ ಮನವಿಯ ಹಿಂದೆ ಇದ್ದವರೂ ಇದೇ ಪಲ್ಪು. ಜಾತಿಯ ಮಾತೆತ್ತದೆ ಈ ವೈದ್ಯರ ಕಥೆಯನ್ನು ಬರೆಯುವ ಬಗೆ ನನಗಂತೂ ತಿಳಿಯದು. ತಿರುವಾಂಕೂರು ಅವರನ್ನು ಇಟ್ಟುಕೊಂಡಿದ್ದರೆ ಅವರು ಬೆಂಗಳೂರಿಗೆ ಬರಬೇಕಾದ ಪ್ರಮೇಯವೇ ಇರಲಿಲ್ಲ.

ಲೇಖನದೊಂದಿಗೆ ಮುದ್ರಿಸಿದ್ದ ಚಿತ್ರವನ್ನು ತಾವು 'ಅನಗತ್ಯ ಅಲಂಕಾರ' ಎಂದಿದ್ದೀರಿ. ದಯವಿಟ್ಟು ಮತ್ತೊಮ್ಮೆ ನೋಡಬೇಕು. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಮೈಸೂರಿನಲ್ಲಿ ಬರೆದ ಚಿತ್ರ ಅದು. ಮೂವರು ಸ್ತ್ರೀಯರಿದ್ದಾರೆ, ಮೈತುಂಬ ಆಭರಣ. ಬಲಗಡೆಯ ತರುಣಿ ಸೆರಗನ್ನು ಕೊಂಚ ಸರಿಸಿ ಮೇಲ್ತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗು, ಬಾಯಿಗಳ ಸುತ್ತ ಬಣ್ಣ ಮಾಸಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಅರಸಿಯೊಬ್ಬರು ಹೊಸ ಲಸಿಕೆ ಹಾಕಿಸಿಕೊಂಡದ್ದನ್ನೂ, ಇನ್ನೊಬ್ಬರು ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೇರಿಸುವ ಹಳೆಯ ಪದ್ಧತಿಗೆ ಒಳಗಾದದ್ದನ್ನೂ ಚಿತ್ರ ಜೊತೆಜೊತೆಗೆ ತೋರಿಸುತ್ತದೆಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ ವಾದಿಸಿದ್ದಾರೆ. ಈ ವಾದ ಸರಿಯಿದ್ದರೆ, ಪರದೆಯ ಹಿಂದಿನ ರಾಣಿಯರ ತೋಳನ್ನು ಜನರಿಗೆ ತೋರಿಸದೆ ಲಸಿಕೆ ಮುಂದೆ ಸಾಗದು ಎಂಬ ಲೆಕ್ಕಾಚಾರ ಆ ಕಾಲದಲ್ಲಿಯೇ ಇತ್ತೆಂದಾಯಿತು. ಇದಕ್ಕೆ ತದ್ವಿರುದ್ಧವಾದ ಉಪಾಯವನ್ನೂ ಮಾಡಿದವರಿದ್ದರು: ಹಸುವಿನ ಸಿಡುಬಿನ ದಾಕು ಪುರಾತನ ಸಂಸ್ಕೃತ ಗ್ರಂಥದಲ್ಲಿಯೇ ಇದೆಯೆಂದು 1819ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಲಾಯಿತು. ಜನ ನಂಬಲೆಂದು ಹೊಸೆದ ಕಟ್ಟುಕಥೆ ಅದು ಎಂಬುದು ಸಂಶೋಧಕರ ಅಭಿಪ್ರಾಯ. ಆ 'ಪ್ರಮಾಣ' ಈಗಲೂ ನಮ್ಮ ಕಚೇರಿಗೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿರುತ್ತದೆ.

'ಕೊನೆಗೆ ವಿಜ್ಞಾನ ಗೆದ್ದಿತು' ಎಂದಿರಲ್ಲ, ಆ ಗೆಲುವಿನ ಬಗೆಯನ್ನೂ ನೋಡಬೇಕು. ಸೆಕೆಗೆ ಕೆಡದ, ಹೆಪ್ಪುಗಟ್ಟಿಸಿ ಒಣಗಿಸಿದ ಲಸಿಕೆ 1950ರ ದಶಕದಲ್ಲಿ ಬಂದಿತು, ಅನಂತರ ಕವಲು ಮೊನೆಯ ಸೂಜಿ ಬಂದಿತು. ಎರಡೂ ಕೈಯಲ್ಲಿದ್ದರೂ 1974ರಲ್ಲಿ ಬಿಹಾರದಲ್ಲಿ ಸಿಡುಬು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಎಲ್ಲರಿಗೂ ದಾಕು ಹಾಕುತ್ತ ಹೋಗುವುದನ್ನೇ ನೆಚ್ಚದೆ, ರೋಗ ಎಲ್ಲೆಲ್ಲಿದೆಯೆಂದು ಮೊದಲು ಪತ್ತೆಮಾಡಿ ಅದರ ಸುತ್ತಲಿನವರಿಗೆ ಹಾಕುವ ಕ್ರಮ ಫಲ ಕೊಟ್ಟಿತು. ಪತ್ತೆಗೆ ನೆರವಾದವರು ಸಂತೆಗೆ ಬಂದವರು, ಚಹಾದಂಗಡಿಯವರು, ಶಾಲೆಯ ಮಕ್ಕಳು. ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಹಿಡಿದು 'ಇಂಥದ್ದನ್ನು ಎಲ್ಲಾದರೂ ಕಂಡಿರಾ' ಎಂದು ಕೇಳುತ್ತ ಹೋದರು, ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು. ಕೆಲವೆಡೆ ಮನೆಗೆ ನುಗ್ಗಿ ಬಲವಂತವಾಗಿ ಚುಚ್ಚಿದ್ದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ವಿಜ್ಞಾನದ ಪುಟಗಳನ್ನೂ ಸಮಾಜದ ಪುಟಗಳನ್ನೂ ಬೇರೆಬೇರೆ ಮಾಡಿರೆಂಬ ತಮ್ಮ ಸಲಹೆಯನ್ನು ಈ ಕಾರಣಗಳಿಂದ ಒಪ್ಪಲಾಗುತ್ತಿಲ್ಲ. ತೋಳಿಂದ ತೋಳಿಗೆ ಹಾಕುವ ದಾಕಿನ ಪದ್ಧತಿಯನ್ನು ಯಾವ ಪುಟದಲ್ಲಿ ಅಚ್ಚು ಹಾಕಬೇಕೆಂದು ತಾವೇ ಹೇಳಬೇಕಾದೀತು. ಆದರೆ ಲಸಿಕೆ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ನಮ್ಮ ಲೇಖನ ಎರಡೇ ವಾಕ್ಯಗಳಲ್ಲಿ ಹಾರಿಸಿಬಿಟ್ಟಿದೆ ಎಂಬ ತಮ್ಮ ದೂರು ನ್ಯಾಯವಾದದ್ದು. ಅದರ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗೆ ತಿಳಿಯುವಂತೆ ತಾವೇ ಒಂದು ಲೇಖನವನ್ನು ಬರೆದು ಕಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ