ಬಿಡದೆ ಬೆನ್ನು ಹತ್ತುವ ನಾಯಕ

ಪ್ರಶ್ನೆ: ನಾಯಕಿಗಾಗಿ ಹುಚ್ಚನಾಗುವ ನಾಯಕನಿರುವ, ಫೋನಿನಲ್ಲಿ ಬೆರಳಿನಿಂದ ಸರಿಸುತ್ತ ಓದುವ ಕೊರಿಯಾದ ಚಿತ್ರಕಥೆಗಳಾದ ವೆಬ್‌ಟೂನ್‌ಗಳೆಂದರೆ ನನಗೆ ಪ್ರಾಣ. ಆದರೆ ಹಲವನ್ನು ಅರ್ಧಕ್ಕೇ ಬಿಟ್ಟಿದ್ದೇನೆ. ಆರಿಸುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಉಚಿತವಾಗಿ ಸಿಗುವ ಮೊದಲ ಕಂತುಗಳಲ್ಲಿ ನಾಯಕನನ್ನಲ್ಲ, ನಾಯಕಿಯನ್ನು ಗಮನಿಸಿ. ಅವಳಿಗೆ ತನ್ನದೇ ಗುರಿ, ಸಿಟ್ಟು, ತಪ್ಪಿಸಿಕೊಳ್ಳುವ ಜಾಣತನ ಇವೆಯೇ? ಇಲ್ಲದಿದ್ದರೆ ಅವನ ಗೀಳಿಗೆ ಎದುರಾಳಿಯೇ ಇರುವುದಿಲ್ಲ. ಅದೇ ಬೆದರಿಕೆ, ಅದೇ ಕಣ್ಣೀರು ಮರುಕಳಿಸುತ್ತವೆ. ಬೇಸರ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ವಯಸ್ಸಿನ ಮಿತಿ ಸೂಚಿಸುವ 19ರ ಗುರುತಿದ್ದರೆ ವಯಸ್ಕರಿಗೆ ಮಾತ್ರ. ಕೆಲವಕ್ಕೆ ದೃಶ್ಯಗಳನ್ನು ತಿದ್ದಿದ, 15 ವರ್ಷ ತುಂಬಿದವರಿಗಾಗಿ ಇರುವ ಆವೃತ್ತಿಯೂ ಉಂಟು. ಕತ್ತರಿ ಬಿದ್ದಲ್ಲಿ ಕಥೆ ಕುಂಟಬಹುದು. ಬಂಧನ, ಬಲಾತ್ಕಾರದ ಎಚ್ಚರಿಕೆಗಳನ್ನು ಖಂಡಿತ ಓದಿ. ಚಿತ್ರಗಳ ನಡುವಿನ ಉದ್ದನೆಯ ಖಾಲಿ ಜಾಗ ಹಲವು ಬಾರಿ ತವಕ ಹೆಚ್ಚಿಸಲೆಂದು ಇರುವುದು, ಅಲ್ಲಿ ಬೆರಳನ್ನು ನಿಧಾನವಾಗಿ ಸರಿಸಿ.